ಮಸ್ಟ್ಯಾಂಗ್ ಜಿಟಿಯನ್ನು ಟ್ರ್ಯಾಕ್ ಟೈಮ್ ಟ್ರಯಲ್‌ಗೆ ಸಜ್ಜು ಮಾಡುವುದು: ದುಡ್ಡು ಮೊದಲು ಎಲ್ಲಿಗೆ?

ವಾಕಡ್‌ವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಫೋರ್ಡ್ ಮಸ್ಟ್ಯಾಂಗ್ ಜಿಟಿ. ಸೆಕೆಂಡ್ ಹ್ಯಾಂಡ್, ಆದರೆ ಹಿಂದಿನವರು ತುಂಬಾ ಜೋಪಾನವಾಗಿ ಇಟ್ಟುಕೊಂಡಿದ್ದ ಗಾಡಿ. 5 ಲೀಟರ್ ವಿ8, 6 ಗೇರಿನ ಆಟೊಮ್ಯಾಟಿಕ್, ಇಂಡಿಯಾಕ್ಕೆ ಬಂದ ಟ್ಯೂನ್‌ನಲ್ಲಿ 401 ಪಿಎಸ್ ಪವರ್, 515 ಎನ್‌ಎಂ ಟಾರ್ಕ್. ಎಲ್ಲವೂ ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೇ.

ದಸರಾ ಕಳೆದ ಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗಿ ಟೈಮ್ ಟ್ರಯಲ್‌ನಲ್ಲಿ ಓಡಿಸಬೇಕು ಅಂತ ಆಸೆ. ಪಕ್ಕದಲ್ಲಿ ಯಾರ ಜೊತೆಗೂ ಪೈಪೋಟಿ ಬೇಡ. ಗಡಿಯಾರದ ಜೊತೆ ಓಡಿದರೆ ಸಾಕು. ಇಲ್ಲಿನ ಒಬ್ಬ ಟ್ಯೂನರ್ "ಮೊದಲು ಎಕ್ಸಾಸ್ಟ್, ಆಮೇಲೆ ಸೂಪರ್‌ಚಾರ್ಜರ್ (ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ), ಮಿಕ್ಕಿದ್ದು ನಿಧಾನಕ್ಕೆ" ಅಂದರು. ಅಷ್ಟು ದುಡ್ಡು ಒಟ್ಟಿಗೆ ಇಲ್ಲ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಯೂ ಇದೇ. ಯಾವುದನ್ನು ಮೊದಲು ಮಾಡಬೇಕು, ಅನುಭವ ಇದ್ದವರು ಹೇಳಿ.


ಮುಲುಂದ್‌ಮೋಟಾರ್, ಮುಂಬಯಿ

ಅಭಿನಂದನೆ ಸ್ವಾಮಿ. ವಿ8 ಸದ್ದು ಕೇಳುತ್ತಾ ಮನೆ ಸೇರುವುದಕ್ಕಿಂತ ಸುಖ ಇನ್ನೊಂದಿಲ್ಲ.

ನಿಮ್ಮ ಟ್ಯೂನರ್ ಹೇಳಿದ್ದರಲ್ಲಿ ತಪ್ಪೇನಿಲ್ಲ ಅನ್ನುತ್ತೇನೆ. ಅಮೆರಿಕದಲ್ಲಿ ಇದೇ ಗಾಡಿಗೆ 435 ಎಚ್‌ಪಿ ಇತ್ತು, ನಮಗೆ ಕಡಿಮೆ ಮಾಡಿ ಕೊಟ್ಟರು. ಸೂಪರ್‌ಚಾರ್ಜರ್ ಹಾಕಿದರೆ ಇಂಜಿನ್ ತಡೆದುಕೊಳ್ಳುತ್ತದೆ, ಆ ಗಟ್ಟಿತನ ಅದಕ್ಕಿದೆ. ನಾನು ಆ್ಯಂಬಿ ವ್ಯಾಲಿ ಏರ್‌ಸ್ಟ್ರಿಪ್‌ನ ವ್ಯಾಲಿ ರನ್ ಡ್ರ್ಯಾಗ್‌ಗೆ, ಅಂದರೆ ನೇರ ಓಟದ ರೇಸ್‌ಗೆ, ಹೋಗುವವನು. ಅಲ್ಲಿ ಪವರ್ ಇಲ್ಲದವನ ಮಾತು ನಡೆಯುವುದಿಲ್ಲ. ಮಸಲ್ ಕಾರ್ ಅಂದರೇನೇ ಪವರ್ ಅಲ್ವಾ?


ಭೋಸರಿಬೋಲ್ಟ್, ಪುಣೆ

ಮುಲುಂದ್‌ಮೋಟಾರ್ ಅವರು ಹೇಳಿದ್ದು ಡ್ರ್ಯಾಗ್‌ಗೆ ಸರಿ. ಅಲ್ಲಿ 402 ಮೀಟರ್ ನೆಟ್ಟಗೆ ಓಡಿ, ಆಮೇಲೆ ನಿಧಾನಕ್ಕೆ ನಿಲ್ಲಿಸುತ್ತಾರೆ. ಇಲ್ಲಿ ಕೇಳಿದ ಪ್ರಶ್ನೆ ಬೇರೆ. ಇರುಂಗಾಟ್ಟುಕೋಟೈ 3.717 ಕಿಲೋಮೀಟರ್‌ನ ಟ್ರ್ಯಾಕ್. ಅದರಲ್ಲಿ ವೇಗ ಏರಿಸುತ್ತೀರಿ, ಇಳಿಸುತ್ತೀರಿ, ಮತ್ತೆ ಏರಿಸುತ್ತೀರಿ. ಮುಂದಿನ ಸುತ್ತಿನಲ್ಲೂ ಅದೇ ಕೆಲಸ.

ವಾಕಡ್‌ವಾಸಿ, ನಿಮ್ಮ ಮೊದಲ ರೂಪಾಯಿ ಬ್ರೇಕ್ ಆಯಿಲ್‌ಗೆ ಹೋಗಲಿ. ಎರಡನೆಯದು ಪ್ಯಾಡ್‌ಗೆ. ಮೂರನೆಯದು ಟೈರ್‌ಗೆ. 401 ಪಿಎಸ್ ಈಗಾಗಲೇ ಬೇಕಾದಷ್ಟಾಯಿತು. ಈ ಗಾಡಿಗೆ ಕಮ್ಮಿ ಇರುವುದು ನಿಲ್ಲುವ ತಾಕತ್ತು ಮತ್ತು ತಣ್ಣಗಿರುವ ತಾಕತ್ತು.

ಒಂದು ಲೆಕ್ಕ ಕೊಡುತ್ತೇನೆ. ನೀವು ಕೂತರೆ ಗಾಡಿ ಹೆಚ್ಚುಕಡಿಮೆ 1,800 ಕೆಜಿ. 200 ಕಿಮೀ ವೇಗದಿಂದ 80ಕ್ಕೆ ಇಳಿಸಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 23 ಲಕ್ಷ ಜೂಲ್. ಏಳೂವರೆ ಲೀಟರ್ ನಲ್ಲಿ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟೇ ಶಕ್ತಿ ಸಾಕು. ಇದು ಒಂದೇ ತಿರುವಿನ ಕಥೆ, ಅದೂ ನಾಲ್ಕೈದು ಸೆಕೆಂಡಿನಲ್ಲಿ. ಸ್ವಲ್ಪ ಭಾಗ ಗಾಳಿಯ ತಡೆಗೆ ಹೋಗುತ್ತದೆ, ಮಿಕ್ಕಿದ್ದೆಲ್ಲ ಡಿಸ್ಕ್, ಪ್ಯಾಡ್, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಕೊನೆಗೆ ಒಳಗಿನ ಆಯಿಲ್‌ಗೆ. ಅದು ತಣ್ಣಗಾಗುವ ಮೊದಲೇ ಮುಂದಿನ ತಿರುವು ಬಂದುಬಿಡುತ್ತದೆ.

ಮಾಮೂಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ಇರಬೇಕು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕ್ ಆಯಿಲ್‌ಗೆ ಗಾಳಿಯಿಂದ ತೇವ ಹೀರುವ ಗುಣ ಇದೆ. ಹಿಂದಿನವರು ಅದನ್ನು ಎಂದು ಬದಲಾಯಿಸಿದ್ದರು ಅಂತ ಬಿಲ್ ನೋಡಿ. ಎರಡು ಮಳೆಗಾಲ ದಾಟಿದ್ದರೆ ಆ ಆಯಿಲ್ ನಂಬಬೇಡಿ. ಟ್ರ್ಯಾಕ್‌ಗೆ ಅಂತಲೇ ಸಿಗುವ ಆಯಿಲ್ ಹಾಕಿಸಿ. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿವರೆಗೆ ತಡೆಯುತ್ತದೆ. ಹಾಕಿಸುವಾಗ ಎದುರಿಗೆ ನಿಂತು ನಾಲ್ಕೂ ಚಕ್ರದಿಂದ ಹಳೆಯದು ಪೂರ್ತಿ ಹೊರಗೆ ಬರುವುದನ್ನು ನೋಡಿ. ಕಂದು ಬಣ್ಣ ಹೋಗಿ ತಿಳಿ ಬಣ್ಣ ಬರಬೇಕು, ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣಬಾರದು.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಬ್ರೇಕ್ ಸೋಲುವುದು ಎರಡು ಥರ. ಆಯಿಲ್ ಕುದ್ದರೆ ಪೆಡಲ್ ಮೆತ್ತಗಾಗುತ್ತದೆ. ಕಾಲು ಒತ್ತಿದಷ್ಟೂ ಕೆಳಗೆ ಹೋಗುತ್ತದೆ, ಎರಡು ಸಲ ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬರುತ್ತದೆ. ಪ್ಯಾಡ್ ಸೋತರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ, ಜೊತೆಗೆ ಸುಟ್ಟ ವಾಸನೆ. ಮೊದಲನೆಯದಕ್ಕೆ ಆಯಿಲ್ ಬದಲಾಯಿಸಬೇಕು, ಎರಡನೆಯದಕ್ಕೆ ಪ್ಯಾಡ್. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ದೊಡ್ಡ ಡಿಸ್ಕ್ ಕಿಟ್‌ಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಎರಡರಲ್ಲಿ ಯಾವುದೇ ಆದರೂ ಆ ಸುತ್ತಿಗೆ ಅಲ್ಲೇ ಮುಕ್ತಾಯ. ನಿಧಾನಕ್ಕೆ ಪಿಟ್‌ಗೆ ಬನ್ನಿ.


ಡೊಂಬಿವಲಿಕರ್, ಮುಂಬಯಿ

ಭೋಸರಿಬೋಲ್ಟ್ ಅವರ ಲೆಕ್ಕಕ್ಕೆ ನನ್ನದೂ ಸೇರಿಸುತ್ತೇನೆ. ನಾನು ಓಡಿಸುವುದು ಹಳೆಯ ಹೋಂಡಾ ಸಿಟಿ ವಿಟೆಕ್, 1.5 ಲೀಟರ್. ನಾನು ಕೂತರೆ 1,100 ಕೆಜಿ ಆಸುಪಾಸು. 150ರಿಂದ 80ಕ್ಕೆ ಇಳಿಸಿದರೆ ಏಳು ಲಕ್ಷ ಜೂಲ್ ಕೂಡ ದಾಟುವುದಿಲ್ಲ. ಮಸ್ಟ್ಯಾಂಗ್‌ನದು ಅದರ ಮೂರು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಸಣ್ಣ ಗಾಡಿಯವರು ಇಡೀ ಸೆಷನ್ (ಟ್ರ್ಯಾಕ್‌ನಲ್ಲಿ ಸಿಗುವ ಒಂದು ಸರದಿ) ಓಡಿಸುತ್ತಲೇ ಇರುತ್ತಾರೆ, ದೊಡ್ಡ ಗಾಡಿಯವರು ಪಿಟ್‌ನಲ್ಲಿ ಬಾನೆಟ್ ತೆಗೆದು ಕಾಯುತ್ತಾರೆ.

ಆದ್ದರಿಂದ ಸೆಷನ್ ಹೇಗೆ ಓಡಿಸಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ಒಂದು ಸುತ್ತು ಬೆಚ್ಚಗಾಗಲು, ಎರಡು ಸುತ್ತು ಜೋರಾಗಿ, ಒಂದು ಸುತ್ತು ಬ್ರೇಕ್ ಮುಟ್ಟದೆ ತಣ್ಣಗಾಗಲು. ಅಷ್ಟೇ. ಟೈಮ್ ಟ್ರಯಲ್‌ನಲ್ಲಿ ಲೆಕ್ಕಕ್ಕೆ ಬರುವುದು ಒಂದು ಒಳ್ಳೆಯ ಸುತ್ತು. ಹತ್ತು ಸುತ್ತು ಸತತವಾಗಿ ಒದ್ದಾಡಿದರೆ ಯಾರೂ ಅಂಕ ಕೊಡುವುದಿಲ್ಲ.

ಮತ್ತೆ ದಸರಾ ಕಳೆದ ಮೇಲೆ ಅಂದಿರಲ್ಲ, ಅದನ್ನು ಮತ್ತೆ ಯೋಚಿಸಿ. ನಮ್ಮ ಕಡೆ ಮಳೆ ನಿಂತಾಗ ಚೆನ್ನೈಗೆ ಮಳೆ ಶುರು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅಲ್ಲಿ ಈಶಾನ್ಯ ಮಾನ್ಸೂನ್. ಮೊದಲ ಸಲ ಹೋಗುವವರು, ಅದೂ 401 ಪಿಎಸ್ ಹಿಂದಿನ ಚಕ್ರಕ್ಕೆ ಹೋಗುವ ಗಾಡಿ, ನೀರು ನಿಂತ ಟ್ರ್ಯಾಕ್‌ನಲ್ಲಿ ಕಲಿಯುವುದು ಬೇಡ. ಸಂಕ್ರಾಂತಿ ಕಳೆದ ಮೇಲೆ ಹೋಗಿ. ಬಿಸಿಲೂ ಅಷ್ಟು ಇರುವುದಿಲ್ಲ.


ವಾಕಡ್‌ವಾಸಿ, ಪುಣೆ

ಚೆನ್ನೈ ಮಳೆ ವಿಷಯ ನನ್ನ ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಫೆಬ್ರವರಿ ಅಂದುಕೊಳ್ಳುತ್ತೇನೆ.

ಪ್ಯಾಡ್ ಬಗ್ಗೆ ಇನ್ನೊಂದು ಪ್ರಶ್ನೆ. ಟ್ರ್ಯಾಕ್ ಪ್ಯಾಡ್ ಹಾಕಿಕೊಂಡು ಹಿಂಜವಡಿ ಟ್ರಾಫಿಕ್‌ನಲ್ಲಿ ದಿನಾ ಓಡಿಸಬಹುದಾ?


ಭೋಸರಿಬೋಲ್ಟ್, ಪುಣೆ

ಬೇಡ. ಗಟ್ಟಿ ಟ್ರ್ಯಾಕ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಿಗ್ಗೆ ಸೊಸೈಟಿ ಗೇಟ್ ದಾಟಿ ಮೊದಲ ಸಿಗ್ನಲ್‌ನಲ್ಲಿ ಒತ್ತಿದಾಗ ಗಾಡಿ ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ. ಜೊತೆಗೆ ಕಿರುಚಾಟ, ಡಿಸ್ಕ್ ಸವೆತ. ಎರಡು ಸೆಟ್ ಇಟ್ಟುಕೊಳ್ಳಿ. ಜಿಟಿಯ ಮುಂದಿನದು ಫಿಕ್ಸೆಡ್ ಕ್ಯಾಲಿಪರ್, ಪ್ಯಾಡ್ ಬದಲಾಯಿಸುವುದು ಸುಲಭ. ಮನೆಯಲ್ಲಿ ಒಮ್ಮೆ ಕೈಯಾರೆ ಮಾಡಿ ಅಭ್ಯಾಸ ಮಾಡಿಕೊಂಡರೆ ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಯಾರನ್ನೂ ಕಾಯಬೇಕಾಗಿಲ್ಲ.

ಹೊಸ ಪ್ಯಾಡ್ ಬೆಡ್ ಮಾಡಬೇಕು, ಅಂದರೆ ಪ್ಯಾಡಿನ ಪದರ ಡಿಸ್ಕ್ ಮೇಲೆ ಸಮನಾಗಿ ಕೂರುವ ಹಾಗೆ ಬಿಸಿ ಮಾಡಿ ತಣ್ಣಗಾಗಿಸಬೇಕು. ಇದನ್ನು ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಮಾಡುವವರನ್ನು ನೋಡಿದ್ದೇನೆ. ಹಿಂದೆ ಲಾರಿ ಬರುತ್ತಿರುವ ರಸ್ತೆಯಲ್ಲಿ ಬೇಕಂತಲೇ ಜೋರಾಗಿ ಬ್ರೇಕ್ ಒತ್ತುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ದಯವಿಟ್ಟು ಬೇಡ. ಟ್ರ್ಯಾಕ್‌ನ ಮೊದಲ ಸೆಷನ್ ಇದಕ್ಕೇ ಇಟ್ಟುಬಿಡಿ.

ಇನ್ನೊಂದು: ಸೆಷನ್ ಮುಗಿಸಿ ಬಂದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡ್ ಡಿಸ್ಕಿನ ಒಂದೇ ಜಾಗಕ್ಕೆ ಒತ್ತಿಕೊಂಡು ಅಲ್ಲಿ ಕಲೆ ಕೂರುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ನಡುಕ. ಪಿ ಗೇರ್‌ಗೆ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಹರಟೆ ಹೊಡೆಯುವುದೂ ಬೇಡ.


ಬೆಳಗಾವಿಬೇರಿಂಗ್, ಚಾಕಣ

ನಮಸ್ಕಾರ್ರಿ. ನಾ ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಮನೆತನದಾಂವ. ಈಗ ಚಾಕಣ್‌ದಾಗ ಕೆಲಸ.

ಬ್ರೇಕ್ ತಣ್ಣಗ ಇಡಾಕ ಗಾಳಿ ಬೇಕ್ರಿ. ಮುಂದಿನ ಬಂಪರ್‌ನಿಂದ ಮೂರು ಇಂಚಿನ ಹೋಸ್ ತಂದು ಡಿಸ್ಕಿನ ನಡುವಿನ ಕಣ್ಣಿಗೆ ಗಾಳಿ ಬಿಡಬೇಕು. ಡಿಸ್ಕಿನ ಹೊರಮೈಗೆ ಬಿಟ್ಟರೆ ಒಂದು ಬದಿ ತಣ್ಣಗ, ಇನ್ನೊಂದು ಬದಿ ಬಿಸಿ, ಬಿರುಕು ಗ್ಯಾರಂಟಿ. ನಡುವಿಗೆ ಬಿಟ್ಟರೆ ಒಳಗಿನ ರೆಕ್ಕೆಗಳು ತಾವೇ ಗಾಳಿ ಎಳೆದು ಹೊರಗೆ ಎಸೆಯುತ್ತವೆ. ಬ್ರಾಕೆಟ್‌ಗೆ ಅಲ್ಯೂಮಿನಿಯಂ ಶೀಟ್ ಸಾಕು, ಭೋಸರಿ ಎಂಐಡಿಸಿಯ (ಕೈಗಾರಿಕಾ ಪ್ರದೇಶ) ಯಾವ ಸಣ್ಣ ಶೆಡ್‌ನಲ್ಲೂ ಕತ್ತರಿಸಿ ಬಗ್ಗಿಸಿ ಕೊಡುತ್ತಾರೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹೋಸ್ ಟೈರಿಗೆ ತಾಗುತ್ತಾ ಅಂತ ಎರಡೂ ಕಡೆ ನೋಡ್ರಿ.

ಎರಡನೇದು ಚಕ್ರದ ನಟ್. ಈ ಮಾಡೆಲ್‌ಗೆ ಫೋರ್ಡ್ ಹೇಳಿದ ಬಿಗಿ 204 ಎನ್‌ಎಂ. ಪಂಕ್ಚರ್ ಅಂಗಡಿ ಇಂಪ್ಯಾಕ್ಟ್ ಗನ್‌ನಿಂದ ಬಿಗಿದದ್ದನ್ನು ನಂಬಬ್ಯಾಡ್ರಿ. ಒಂದು ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಖರೀದಿ ಮಾಡ್ರಿ. ಪ್ರತಿ ಸೆಷನ್ ಮೊದಲು, ಚಕ್ರ ತಣ್ಣಗಾದ ಮೇಲೆ, ನಾಲ್ಕೂ ಚಕ್ರ ಪರೀಕ್ಷೆ ಮಾಡ್ರಿ.

ಮೂರನೇದಕ್ಕೆ ಇಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. ಮಸ್ಟ್ಯಾಂಗ್‌ನ ಈ ಪೀಳಿಗೆಯಲ್ಲಿ ಹಿಂದೆ ಎರಡೂ ಚಕ್ರಕ್ಕೆ ಬೇರೆ ಬೇರೆ (ಇಂಡಿಪೆಂಡೆಂಟ್) ಸಸ್ಪೆನ್ಶನ್ ಐತಿ, ಆದರ ಅದನ್ನು ಹಿಡಿದಿರುವ ಕ್ರೇಡಲ್ ಅನ್ನೋ ಚೌಕಟ್ಟಿನ ರಬ್ಬರ್ ಬುಷ್ ಮೆತ್ತಗ ಅದಾವ. ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಇಡೀ ಕ್ರೇಡಲ್ ಅಲುಗುತ್ತದೆ, ಚಕ್ರ ಕುಣಿಯುತ್ತದೆ. ಅದು ಅಲುಗದ ಹಾಗ ಹಿಡಿಯುವ ಕ್ರೇಡಲ್ ಲಾಕೌಟ್ ಹಾಕಿದರೆ ಅರ್ಧ ರೋಗ ಗುಣ. ಖರ್ಚೂ ಕಡಿಮೆ.


ಭೋಸರಿಬೋಲ್ಟ್, ಪುಣೆ

ಬೆಳಗಾವಿಬೇರಿಂಗ್ ಅವರ ಡಕ್ಟ್ (ಗಾಳಿಯ ಹೋಸ್) ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಕ್ರೇಡಲ್ ವಿಷಯವೂ ನಿಜವೇ. ಆದರೆ ಮೊದಲ ಸಲಕ್ಕೇ ಬೇಡ ಅನ್ನುತ್ತೇನೆ. ಚಕ್ರ ಕುಣಿಯುವುದು ನಿಂತಲ್ಲಿಂದ ಹೊರಡುವಾಗ ಜಾಸ್ತಿ. ಟ್ರ್ಯಾಕ್‌ನಲ್ಲಿ ತಿರುವಿನಿಂದ ಹೊರಬರುವಾಗ ಕಾಲು ನಯವಾಗಿ ಒತ್ತಿದರೆ ಅಷ್ಟು ತೊಂದರೆ ಇಲ್ಲ. ಗಾಡಿ ಸ್ಟಾಕ್ ಇದ್ದಾಗ ಹೇಗೆ ನಡೆದುಕೊಳ್ಳುತ್ತದೆ ಅಂತ ಮೊದಲು ಮೈಗೆ ಗೊತ್ತಾಗಲಿ. ಆಮೇಲೆ ಒಂದೊಂದೇ ಬದಲಾವಣೆ. ಒಟ್ಟಿಗೆ ನಾಲ್ಕು ಮಾಡಿದರೆ ಯಾವುದರಿಂದ ಲಾಭ, ಯಾವುದರಿಂದ ನಷ್ಟ ಅಂತ ತಿಳಿಯುವುದೇ ಇಲ್ಲ.


ಬೆಳಗಾವಿಬೇರಿಂಗ್, ಚಾಕಣ

ಕಾಲು ನಯ ಆಗೋತನಕ ಟೈರ್ ಹರಿದುಹೋಗ್ತಾವ್ರಿ. ನನ್ನ ಮಾತು ನನಗೆ, ನಿಮ್ಮದು ನಿಮಗೆ. ನಿರ್ಧಾರ ವಾಕಡ್‌ವಾಸಿ ಅವರದು.


ಮಡಗಾಂವ್‌ಮಳೆ, ಗೋವಾ

ಟೈರ್ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ, ನಾನು ಬರೆಯುತ್ತೇನೆ. ನನಗೆ ಟೈರ್ ಅಂದರೆ ಪ್ರಾಣ.

ಗಾಡಿ ರಸ್ತೆಗೆ ತಾಗುವುದು ನಾಲ್ಕು ಅಂಗೈ ಅಗಲದಲ್ಲಿ. ಪವರ್, ಬ್ರೇಕ್, ಸ್ಟಿಯರಿಂಗ್ ಎಲ್ಲವೂ ಅಲ್ಲಿಂದಲೇ ಹೋಗಬೇಕು. ಈಗಿರುವ ಟೈರ್‌ಗಳ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ, ನೋಡಿ. 2317 ಅಂದರೆ 2017ರ 23ನೇ ವಾರ. ಗಾಡಿಯ ಜೊತೆ ಬಂದ ಟೈರೇ ಇನ್ನೂ ಇದ್ದರೆ ಟ್ರೆಡ್‌ನ ಗೀರು ಎಷ್ಟೇ ಆಳವಾಗಿ ಕಂಡರೂ ಟ್ರ್ಯಾಕ್‌ಗೆ ತಗೊಂಡು ಹೋಗಬೇಡಿ. ರಬ್ಬರ್ ಗಟ್ಟಿಯಾಗಿರುತ್ತದೆ. ಮೊದಲ ವರ್ಷಕ್ಕೆ ಒಳ್ಳೆಯ ರಸ್ತೆ ಟೈರ್ ಸಾಕು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ತರಹದ್ದು. ಅದು ಜಾರುವ ಮೊದಲು ಕೂಗಿ ಹೇಳುತ್ತದೆ. ತೀರಾ ಅಂಟುವ ಟೈರ್ ಹಾಗಲ್ಲ, ಹಿಡಿದಷ್ಟು ಹೊತ್ತು ಹಿಡಿದು ಒಮ್ಮೆಗೇ ಕೈಬಿಡುತ್ತದೆ. ಕಲಿಯುವವರಿಗೆ ಕೂಗುವ ಟೈರೇ ಒಳ್ಳೆಯ ಗುರು.

ಗಾಳಿ ಒತ್ತಡ. ಬೆಳಿಗ್ಗೆ ತಣ್ಣಗಿದ್ದಾಗ 28 ಪಿಎಸ್‌ಐ ಹಾಕಿ ಹೊರಡಿ. ಎರಡು ಜೋರು ಸುತ್ತು ಹೊಡೆದು ಬಂದ ತಕ್ಷಣ ಅಳೆಯಿರಿ. ಬಿಸಿಯಲ್ಲಿ 34–35 ಆಸುಪಾಸು ನಿಲ್ಲಬೇಕು. ಜಾಸ್ತಿ ಆಗಿದ್ದರೆ ಬಿಡಿ, ಕಡಿಮೆ ಆಗಿದ್ದರೆ ತುಂಬಿ. ಮಧ್ಯಾಹ್ನದ ಬಿಸಿಲಿಗೆ ಬೆಳಗಿನ ಲೆಕ್ಕ ನಡೆಯುವುದಿಲ್ಲ, ಮತ್ತೆ ಅಳೆಯಿರಿ. ಒಂದು ನೋಟ್‌ಬುಕ್ ಇಟ್ಟು ಹೊತ್ತು, ಬಿಸಿಲು, ನಾಲ್ಕು ಚಕ್ರದ ಅಂಕಿ ಬರೆಯಿರಿ.

ಆಮೇಲೆ ಬಗ್ಗಿ ಟೈರ್ ಮೈ ನೋಡಿ. ಬದಿಯಲ್ಲಿ ಸಣ್ಣ ತ್ರಿಕೋನ ಗುರುತು ಇರುತ್ತದೆ. ಸವೆದ ಗೆರೆ ಆ ತ್ರಿಕೋನದ ತುದಿಯವರೆಗೆ ಬಂದಿದ್ದರೆ ಸರಿ. ಅದನ್ನೂ ದಾಟಿ ಬದಿಗೋಡೆಗೆ ಹೋಗಿದ್ದರೆ ಟೈರ್ ಮಗುಚುತ್ತಿದೆ, ಅಂದರೆ ಗಾಳಿ ಕಮ್ಮಿ ಅಥವಾ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಕಮ್ಮಿ. ಮುಂದಿನ ಟೈರ್‌ನ ಹೊರ ಅಂಚಿನಲ್ಲಿ ರಬ್ಬರ್ ಸುರುಳಿ ಸುತ್ತಿಕೊಂಡು, ಒಳ ಅಂಚು ಹೊಸದರ ಹಾಗೇ ಇದ್ದರೆ ಕ್ಯಾಂಬರ್ ಖಂಡಿತ ಬೇಕು.

ಈ ಗಾಡಿಯ ಮುಂದಿನ ಕ್ಯಾಂಬರ್ ಫ್ಯಾಕ್ಟರಿಯಿಂದ ಬಂದ ಹಾಗೆ ಬದಲಾಯಿಸಲು ಬರುವುದಿಲ್ಲ. ಸ್ಟ್ರಟ್ (ಮುಂದಿನ ಸಸ್ಪೆನ್ಶನ್ ಕಂಬ) ಮೇಲೆ ಕ್ಯಾಂಬರ್ ಪ್ಲೇಟ್ ಹಾಕಬೇಕು. ಮುಂದೆ ಮೈನಸ್ 2ರಿಂದ 2.5 ಡಿಗ್ರಿ, ಹಿಂದೆ ಮೈನಸ್ 1.5 ಆಸುಪಾಸು, ಮುಂದಿನ ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ. ಇಷ್ಟು ಮಾಡಿದರೆ ತಿರುವಿನಲ್ಲಿ ಗಾಡಿ ಮೂತಿ ಹೊರಗೆ ತಳ್ಳುವುದು ಎಷ್ಟೋ ಕಡಿಮೆ ಆಗುತ್ತದೆ. ಸ್ಪ್ರಿಂಗ್ ಕತ್ತರಿಸಿ ಗಾಡಿ ನೆಲಕ್ಕೆ ತಾಗಿಸುವ ಸಲಹೆ ಯಾರಾದರೂ ಕೊಟ್ಟರೆ ಆ ಅಂಗಡಿಯಿಂದ ಎದ್ದು ಬನ್ನಿ.

ಬ್ರೇಕ್ ಆಯಿಲ್‌ಗೂ ಒಂದು ಮಾತು. ನಮ್ಮ ಗೋವಾ, ಮುಂಬಯಿ ಕರಾವಳಿಯ ತೇವದಲ್ಲಿ ಅರ್ಧ ಬಳಸಿದ ಡಬ್ಬಿ ಎತ್ತಿಟ್ಟು ಮುಂದಿನ ಸಲ ಹಾಕಬೇಡಿ. ತೆರೆದ ಡಬ್ಬಿ ಅಂದರೆ ಮುಗಿಯಿತು.


ಮುಲುಂದ್‌ಮೋಟಾರ್, ಮುಂಬಯಿ

ಎಲ್ಲರ ಮಾತೂ ಓದಿದೆ. ಬ್ರೇಕ್ ಮೊದಲು ಅನ್ನುವುದನ್ನು ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಬ್ರೇಕ್, ಟೈರ್, ಕ್ಯಾಂಬರ್ ಎಲ್ಲ ಆಯಿತು ಅಂದುಕೊಳ್ಳಿ. ಮುಂದಿನ ವರ್ಷ ಸೂಪರ್‌ಚಾರ್ಜರ್ ಹಾಕಿದರೆ ಲ್ಯಾಪ್ ಟೈಮ್ (ಒಂದು ಸುತ್ತಿನ ಸಮಯ) ಇಳಿಯುತ್ತದೆ ತಾನೆ? ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರ, ಗಾಳಿ ತೆಳು. ಅದಕ್ಕಾದರೂ ಬೇಡವಾ?


ಕೊಥ್ರೂಡ್‌ಕಾವೇರಿ, ಪುಣೆ

ಒಳ್ಳೆಯ ಪ್ರಶ್ನೆ. ಪುಣೆಯ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು 5ರಿಂದ 6 ಶೇಕಡಾ ಕಡಿಮೆ, ನಿಜ. ಆದರೆ ಓಡಿಸುವುದು ಪುಣೆಯಲ್ಲಲ್ಲ. ಚೆನ್ನೈ ಸಮುದ್ರಮಟ್ಟದ ಊರು. ಅಲ್ಲಿನ ತೊಂದರೆ ಶಾಖ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತುವಾಗ ಬಿಸಿ ಮಾಡುತ್ತದೆ. ಒಳಗೆ ಹೋಗುವ ಗಾಳಿ ಮಿತಿ ಮೀರಿ ಬಿಸಿಯಾದರೆ ಕಂಪ್ಯೂಟರ್ ತಾನೇ ಇಗ್ನಿಶನ್ (ಕಿಡಿ ಹೊತ್ತಿಸುವ ಹೊತ್ತು) ತಡ ಮಾಡಿ ಪವರ್ ಕಡಿಮೆ ಮಾಡುತ್ತದೆ. ಡ್ರ್ಯಾಗ್‌ನಲ್ಲಿ ಹದಿನೈದು ಸೆಕೆಂಡಿನೊಳಗೆ ಓಟ ಮುಗಿಯುವುದರಿಂದ ಅದು ಗೊತ್ತಾಗುವುದಿಲ್ಲ. ಎರಡು ಜೋರು ಸುತ್ತು ಅಂದರೆ ನಾಲ್ಕು ನಿಮಿಷದ ಲೆಕ್ಕ. ಆ ಗಾಳಿ ತಣ್ಣಗಾಗಿಸಲು ದೊಡ್ಡ ಇಂಟರ್‌ಕೂಲರ್, ದೊಡ್ಡ ರೇಡಿಯೇಟರ್, ಆಯಿಲ್ ಕೂಲರ್ ಎಲ್ಲ ಬೇಕಾಗುತ್ತದೆ. ಮೂಗಿನ ಭಾರ ಏರುತ್ತದೆ. ನನ್ನ ಮಟ್ಟಿಗೆ ಬೇಡ.

ನಾನು ಟೈಮಿಂಗ್ ಮತ್ತು ಡೇಟಾ ನೋಡಿಕೊಳ್ಳುವವಳು. ಅದರ ಬಗ್ಗೆ ಹೇಳುತ್ತೇನೆ. ಜಿಟಿಯ ಡ್ಯಾಶ್‌ಬೋರ್ಡ್‌ನ ಟ್ರ್ಯಾಕ್ ಆ್ಯಪ್ಸ್‌ನಲ್ಲಿ ಟೈಮರ್ ಇದೆ, ಖುಷಿಗೆ ನೋಡಿ. ಕಲಿಯಲು ಅದು ಸಾಲದು. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಜಾಗ ಹೇಳುತ್ತದೆ. 180 ಕಿಮೀ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 50 ಮೀಟರ್ ಹೋಗಿರುತ್ತದೆ. ಎಲ್ಲಿ ಬ್ರೇಕ್ ಹಿಡಿದಿರಿ ಅಂತ ಹೇಗೆ ತಿಳಿಯುತ್ತದೆ? ಸೆಕೆಂಡಿಗೆ 10 ಸಲ ಅಥವಾ ಜಾಸ್ತಿ ಅಳೆಯುವ ಹೊರಗಿನ ಜಿಪಿಎಸ್ ಡಬ್ಬಿ ತಗೊಂಡು ರೇಸ್‌ಕ್ರೋನೊ ತರಹದ ಆ್ಯಪ್‌ಗೆ ಜೋಡಿಸಿ. ಆಗ ಐದು ಮೀಟರಿನ ಲೆಕ್ಕ ಸಿಗುತ್ತದೆ.

ಆ್ಯಪ್ ತೋರಿಸುವ ವೇಗದ ಗೆರೆ (ಗ್ರಾಫ್) ನೋಡುವುದು ಹೀಗೆ. ಬ್ರೇಕ್ ಹಿಡಿದ ಜಾಗದಲ್ಲಿ ಗೆರೆ ಕಡಿದಾಗಿ ಬೀಳಬೇಕು. ಮೊದಲು ಇಳಿಜಾರಾಗಿ ಶುರುವಾಗಿ ಆಮೇಲೆ ಕಡಿದಾದರೆ ನೀವು ಹೆದರಿ ಕಾಲು ನಿಧಾನಕ್ಕೆ ಇಡುತ್ತಿದ್ದೀರಿ. ನೇರ ಓಟದ ಕೊನೆಯಲ್ಲಿ ಗೆರೆ ಚಪ್ಪಟೆಯಾದರೆ ಬ್ರೇಕಿಗೂ ಮುನ್ನ ಆಕ್ಸಿಲರೇಟರ್ ಬಿಟ್ಟು ಸುಮ್ನೆ ತೇಲುತ್ತಿದ್ದೀರಿ. ಹೊಸಬರ ಹೆಚ್ಚಿನ ಸಮಯ ಕಳೆಯುವುದು ಈ ಎರಡು ಕಡೆ. ಸೂಪರ್‌ಚಾರ್ಜರ್ ಕೊಡುವುದಕ್ಕಿಂತ ಜಾಸ್ತಿ ಸೆಕೆಂಡು ಅಲ್ಲೇ ಬಿದ್ದಿರುತ್ತದೆ, ಬಿಟ್ಟಿಯಾಗಿ.

ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಮೊದಲ ದಿನ ಪೂರ್ತಿ ತೆಗೆಯಬೇಡಿ. ಆದರೆ ಅದು ಕೆಲಸ ಮಾಡುವುದು ಬ್ರೇಕ್ ಹಿಡಿದೇ ಅನ್ನುವುದು ನೆನಪಿರಲಿ. ನೀವು ಒರಟಾಗಿ ಓಡಿಸಿದಷ್ಟೂ ಅದು ಒಂದೊಂದು ಚಕ್ರ ಹಿಡಿಯುತ್ತದೆ, ಹಿಂದಿನ ಪ್ಯಾಡ್ ಬೇಗ ಸವೆಯುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಅದರ ದೀಪ ಮಿನುಗಿದ ತಿರುವು ಯಾವುದು ಅಂತ ಬರೆದಿಟ್ಟುಕೊಳ್ಳಿ. ಆ ತಿರುವಿನಲ್ಲೇ ನಿಮ್ಮ ಕೆಲಸ ಬಾಕಿ ಇದೆ.

ಸುರಕ್ಷತೆ. ನಾಲ್ಕು ಪಾಯಿಂಟ್ ಹಾರ್ನೆಸ್ (ರೇಸ್ ಬೆಲ್ಟ್) ಫೋಟೊಗೆ ಚೆನ್ನಾಗಿ ಕಾಣುತ್ತದೆ. ರೋಲ್ ಬಾರ್ (ಛಾವಣಿ ಕುಸಿಯದಂತೆ ತಡೆಯುವ ಕಂಬಿ), ಸರಿಯಾದ ಸೀಟು, ಕತ್ತಿಗೆ ಆಧಾರ ಇಲ್ಲದೆ ಅದು ಅಪಾಯ. ಗಾಡಿ ಮಗುಚಿ ಛಾವಣಿ ಕುಸಿದರೆ ಮೈ ಬಗ್ಗಲು ಜಾಗ ಇರುವುದಿಲ್ಲ. ಕಂಪನಿಯ ಮೂರು ಪಾಯಿಂಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಒಟ್ಟಿಗೆ ಕೆಲಸ ಮಾಡಲೆಂದೇ ಮಾಡಿದ್ದು, ಅದನ್ನೇ ಇಟ್ಟುಕೊಳ್ಳಿ. ಹೆಲ್ಮೆಟ್ ಸ್ನೆಲ್ ಎಸ್‌ಎ (ಕಾರ್ ರೇಸಿಂಗ್ ಹೆಲ್ಮೆಟ್‌ನ ಮಾನದಂಡ) ಗುರುತಿನದ್ದು ಸಿಕ್ಕರೆ ಒಳ್ಳೆಯದು. ಅದರ ಒಳಪದರ ಬೆಂಕಿ ತಡೆಯುತ್ತದೆ, ಬೈಕ್ ಹೆಲ್ಮೆಟ್‌ನಲ್ಲಿ ಆ ಪರೀಕ್ಷೆ ಇಲ್ಲ. ಹತ್ತಿ ಬಟ್ಟೆ ಹಾಕಿ, ನೈಲಾನ್ ಬೇಡ.

ವಿಮೆ ಪತ್ರ ತೆಗೆದು ಓದಿ. ರೇಸಿಂಗ್, ವೇಗ ಪರೀಕ್ಷೆಗೆ ಮಾಮೂಲಿ ಮೋಟಾರ್ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಇರುತ್ತದೆ. ಟ್ರ್ಯಾಕ್‌ನಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ. ಇದನ್ನು ಮನೆಯವರಿಗೂ ಮೊದಲೇ ಹೇಳಿಬಿಡಿ.


ಡೊಂಬಿವಲಿಕರ್, ಮುಂಬಯಿ

ಎಕ್ಸಾಸ್ಟ್ ವಿಷಯ ಬಿಟ್ಟುಹೋಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಗ್ಗೆ ತೀರ್ಪು ಕೊಟ್ಟಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ರಸ್ತೆಯಲ್ಲೂ ಓಡುವ ಗಾಡಿ ಅಂದಿರಿ. ಹಾಗಾಗಿ ಪ್ಯಾಡ್, ಆಯಿಲ್, ಟೈರ್ ತರಹ ಸವೆಯುವ ವಸ್ತುಗಳಲ್ಲೇ ಗೆಲ್ಲುವ ದಾರಿ ನೋಡಿ. ವಾಪಸ್ ಬಿಚ್ಚಲು ಬರದ ಕೆಲಸ ಯಾವುದನ್ನೂ ಈಗ ಮಾಡಿಸಬೇಡಿ.


ವಾಕಡ್‌ವಾಸಿ, ಪುಣೆ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಸೂಪರ್‌ಚಾರ್ಜರ್ ತಲೆಯಿಂದ ತೆಗೆದೆ. ಉಳಿದದ್ದು ಎರಡು ಪ್ರಶ್ನೆ. ಗಾಡಿಯನ್ನು ಅಲ್ಲಿಗೆ ಓಡಿಸಿಕೊಂಡೇ ಹೋಗಲಾ, ಫ್ಲಾಟ್‌ಬೆಡ್ ಮೇಲೆ ಹಾಕಲಾ? ಮತ್ತೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದನ್ನೆಲ್ಲ ತಡೆಯುತ್ತಾ?


ಬೆಳಗಾವಿಬೇರಿಂಗ್, ಚಾಕಣ

ದಾರಿ ಸರಳ ಐತ್ರಿ. ಪುಣೆಯಿಂದ ಎನ್‌ಎಚ್ 48 ಹಿಡಿದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು, ಕೃಷ್ಣಗಿರಿ, ಶ್ರೀಪೆರಂಬುದೂರು. ಟ್ರ್ಯಾಕ್ ಅದೇ ಹೆದ್ದಾರಿಯ ಮಗ್ಗುಲಿಗೆ. ಹೋಗುವಾಗ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬಿಡಬ್ಯಾಡ್ರಿ.

ಆದರ ಗಾಡಿ ಫ್ಲಾಟ್‌ಬೆಡ್ ಮೇಲೆ ಹೋಗಲಿ. ಹೆಚ್ಚುಕಡಿಮೆ 1,150 ಕಿಲೋಮೀಟರ್ ಓಡಿಸಿ ದಣಿದ ಡ್ರೈವರ್ ಮರುದಿನ ಏನು ಕಲಿತಾನ? ಇನ್ನೂ ಮುಖ್ಯ ಅಂದರ, ಟ್ರ್ಯಾಕ್‌ನಲ್ಲಿ ಏನಾದರೂ ಮುರಿದರೆ ವಾಪಸ್ ಹೆಂಗ ಬರತೀರಿ? ಓಡಿಸಿಕೊಂಡೇ ಮನೆಗೆ ಹೋಗಬೇಕು ಅನ್ನೋ ಚಿಂತೆ ತಲೆಯೊಳಗಿದ್ದರೆ ಕಾಲು ಸರಿಯಾಗಿ ಕೆಲಸ ಮಾಡೂದಿಲ್ಲ. ಇನ್ನೊಬ್ಬರ ಜೊತೆ ಲಾರಿ ಹಂಚಿಕೊಂಡರೆ ಖರ್ಚು ಅರ್ಧ.


ಡೊಂಬಿವಲಿಕರ್, ಮುಂಬಯಿ

ಚೆನ್ನೈ ದಿನಾಂಕ ಹೊಂದದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. 2.1 ಕಿಲೋಮೀಟರ್. ಅಲ್ಲಿ ವೇಗ ಅಷ್ಟು ಏರುವುದಿಲ್ಲ, ಆದರೆ ತಿರುವುಗಳ ನಡುವೆ ಬ್ರೇಕಿಗೆ ಬಿಡುವೂ ಕಡಿಮೆ. ಫಾರ್ಮುಲಾ ಮಾರುತಿ ರೇಸ್ ಗಾಡಿಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಮಾರುತಿ 800ರ ಇಂಜಿನ್ ಇಟ್ಟುಕೊಂಡು ಒಂದು ಪೀಳಿಗೆಗೆ ರೇಸಿಂಗ್ ಕಲಿಸಿದ ಮನುಷ್ಯ. ಪವರ್ ಇಲ್ಲದೆ ಏನು ಕಲಿಯಬಹುದು ಅಂತ ಕೇಳುವವರಿಗೆ ನಾನು ಅವರನ್ನೇ ತೋರಿಸುತ್ತೇನೆ.


ಭೋಸರಿಬೋಲ್ಟ್, ಪುಣೆ

ಗೇರ್‌ಬಾಕ್ಸ್ ಗಟ್ಟಿ ಇದೆ, ಅದರ ಆಯಿಲ್ ಬಿಸಿಯೇ ಶತ್ರು. ಹೋಗುವ ಮೊದಲು ಟ್ರಾನ್ಸ್‌ಮಿಶನ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಇಂಜಿನ್ ಆಯಿಲ್ ಮೂರೂ ಹೊಸದು ಮಾಡಿಸಿ. ಡಿ ಗೇರ್‌ನಲ್ಲಿ ಬಿಡಬೇಡಿ, ತಿರುವಿನ ಮಧ್ಯೆ ಗೇರ್ ಬದಲಾದರೆ ಹಿಂಭಾಗ ಅಲುಗುತ್ತದೆ. ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ನೀವೇ ಹಾಕಿ, ತಿರುವಿಗೆ ಇಳಿಯುವ ಮೊದಲೇ ಗೇರ್ ಇಳಿಸಿ ಮುಗಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ತಾಪಮಾನದ ಗೇಜ್ ತೆರೆದಿಡಿ, ನೇರ ಓಟದಲ್ಲಿ ಒಂದು ಕಣ್ಣು ಹಾಯಿಸಿ. ಏರುತ್ತಲೇ ಇದ್ದರೆ ಜೋರು ಸುತ್ತು ಒಂದಕ್ಕೆ ಇಳಿಸಿ. ಎರಡನೇ ವರ್ಷಕ್ಕೆ ಒಂದು ಟ್ರಾನ್ಸ್‌ಮಿಶನ್ ಕೂಲರ್ ಹಾಕಿಸಿದರೆ ಆಯಿತು.

ಇಂಜಿನ್ ಆಯಿಲ್ ಕಡ್ಡಿಯನ್ನು ಪ್ರತಿ ಸೆಷನ್ ಆದ ಮೇಲೆ ಎಳೆದು ನೋಡಿ. ಒಂದೆರಡು ಲೀಟರ್ ಡಿಕ್ಕಿಯಲ್ಲಿರಲಿ. ಪೆಟ್ರೋಲ್ 95 ಆಕ್ಟೇನ್ ಅಥವಾ ಅದಕ್ಕಿಂತ ಮೇಲಿನದು. ಸ್ಟೆಪ್ನಿ ಸಾಮಾನು, ಕಾಲ್‌ಮ್ಯಾಟ್, ನೀರಿನ ಬಾಟಲಿ ಎಲ್ಲ ಪ್ಯಾಡಕ್‌ನಲ್ಲೇ ಇಳಿಸಿ. ಉರುಳಿ ಬಂದ ಬಾಟಲಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿದರೆ ಈ ಚರ್ಚೆಯಲ್ಲಿ ಹೇಳಿದ್ದೆಲ್ಲ ವ್ಯರ್ಥ.


ಮಡಗಾಂವ್‌ಮಳೆ, ಗೋವಾ

ಒಂದು ಸೇರಿಸುತ್ತೇನೆ. ಇರುಂಗಾಟ್ಟುಕೋಟೈ ಗಡಿಯಾರದ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕ್. ಬಲ ತಿರುವುಗಳ ಭಾರ ಎಲ್ಲ ಎಡ ಮುಂದಿನ ಟೈರ್ ಮೇಲೆ. ಅದು ಮಿಕ್ಕ ಮೂರಕ್ಕಿಂತ ಬೇಗ ಸವೆಯುತ್ತದೆ. ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ ಇದ್ದರೆ ಹಿಂದು–ಮುಂದು ಬದಲಾಯಿಸಲು ಬರುವುದಿಲ್ಲ. ತಿರುಗುವ ದಿಕ್ಕಿನ ಬಾಣದ ಗುರುತು ಇಲ್ಲದ ಟೈರ್ ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಂದಿನ ಎಡ–ಬಲ ಅದಲುಬದಲು ಮಾಡಿ. ಅದಲುಬದಲು ಮಾಡಿದ ಮೇಲೆ ಒತ್ತಡ ಮತ್ತೆ ಅಳೆಯಿರಿ, ನಟ್‌ಗೆ 204 ಎನ್‌ಎಂ ಮತ್ತೆ ಕೊಡಿ.


ವಾಕಡ್‌ವಾಸಿ, ಪುಣೆ

ಬಾಣದ ಗುರುತು ಈಗಲೇ ಕೆಳಗೆ ಹೋಗಿ ನೋಡಿ ಬಂದೆ, ಇಲ್ಲ. ಟೈರ್ ತಯಾರಾದದ್ದು ಮಾತ್ರ ಗಾಡಿಯ ವರ್ಷದ್ದೇ, ಹಾಗಾಗಿ ನಾಲ್ಕೂ ಬದಲಾಯಿಸಲೇಬೇಕು. ಈ ವಾರ ಬ್ರೇಕ್ ಆಯಿಲ್ ಮತ್ತು ಪ್ಯಾಡ್ ಆರ್ಡರ್ ಮಾಡುತ್ತೇನೆ. ಡಕ್ಟ್ ಬ್ರಾಕೆಟ್‌ಗೆ ಅಳತೆ ತೆಗೆದು ಬೆಳಗಾವಿಬೇರಿಂಗ್ ಅವರಿಗೆ ಕಳಿಸುತ್ತೇನೆ. ಫೆಬ್ರವರಿಗೆ ಪುಣೆ ಅಥವಾ ಮುಂಬಯಿಯಿಂದ ಇನ್ನೊಂದು ಗಾಡಿ ಹೊರಡುವುದಿದ್ದರೆ ಲಾರಿ ಹಂಚಿಕೊಳ್ಳಲು ನಾನು ತಯಾರಿದ್ದೇನೆ, ಇಲ್ಲೇ ಬರೆಯಿರಿ.


ಮುಲುಂದ್‌ಮೋಟಾರ್, ಮುಂಬಯಿ

ಲಾರಿಯಲ್ಲಿ ಇನ್ನೊಂದು ಜಾಗ ನನ್ನ ಗಾಡಿಗೆ ಇಡಿ. ಬ್ರೇಕ್ ಆಯಿಲ್ ನಾನೂ ಬದಲಾಯಿಸಿಕೊಂಡು ಬರುತ್ತೇನೆ.